ಅತ್ತಿಗೆಯ ಕ್ಯಾನಿನ ನೀಲಿ ಬಣ್ಣ

ಹಾಲಿನ ಡೇರಿಯಲ್ಲಿ ಅವಳನ್ನು ಎಲ್ಲರೂ ನೀಲಿಯಕ್ಕ ಅಂತಲೇ ಕರೆಯುತ್ತಿದ್ದರು. ಬೆಳಿಗ್ಗೆ ಬಂದ ಒಂದೊಂದು ಕ್ಯಾನಿನಿಂದ ಚೂರು ಹಾಲು ತೆಗೆದು, ಕುದಿಸಿ, ಆರಿದ ಮೇಲೆ ಎರಡು ಹನಿ ಅಯೋಡಿನ್ ಬಿಡುವುದು ಅವಳ ಕೆಲಸ. ನೀರು ಬೆರೆಸಿದವರು ಹಾಲು ಗಟ್ಟಿಯಾಗಿ ಕಾಣಲಿ ಅಂತ ಹಿಟ್ಟು ಕದಡುತ್ತಾರೆ. ಹಿಟ್ಟಿನ ಪಿಷ್ಟ ಇದ್ದರೆ ಹಾಲು ನೀಲಿ, ಇಲ್ಲದಿದ್ದರೆ ಹಳದಿ. ಇಪ್ಪತ್ತೆರಡು ವರ್ಷ ಕಳ್ಳಾಟ ಹಿಡಿದೂ ಹಿಡಿದೂ ಅವಳಿಗೆ ಯಾರು ನಕ್ಕರೂ ಅನುಮಾನ, ನಗದಿದ್ದರೆ ಇನ್ನೂ ಅನುಮಾನ.

ಆ ಸೋಮವಾರ ನೀಲಿಗೆ ತಿರುಗಿದ್ದು ಅವಳ ಸ್ವಂತ ಅತ್ತಿಗೆಯ ಹಾಲು. ಮೂರು ಹಸು ಕಟ್ಟಿಕೊಂಡು ಅಣ್ಣನ ಸಂಸಾರ ಎಳೆಯುತ್ತಿದ್ದ ಹೆಂಗಸು. ನೀಲಿಯಕ್ಕ ಇನ್ನೊಂದು ಸಲ ಪರೀಕ್ಷೆ ಮಾಡಿದಳು. ಮತ್ತೆ ನೀಲಿ.

"ಅತ್ತಿಗೆ, ಹಾಲಿಗೆ ಏನು ಹಾಕಿದ್ರಿ?"

"ಹಾಲಿಗೆ ನಾನೇನು ಹಾಕ್ಲಿ? ನಿನ್ನೆ ಹಸುಗಳಿಗೆ ಜೋಳದ ನುಚ್ಚು ಬೇಯಿಸಿ ಹಾಕಿದ್ದೆ. ಅದೇ ಹಾಲಿಗೆ ಬಂದಿರಬೇಕು."

ಈ ಮಾತೇ ನೀಲಿಯಕ್ಕನ ಅನುಮಾನವನ್ನು ಗಟ್ಟಿ ಮಾಡಿತು.

"ಹಾಗೆಲ್ಲ ಬರಲ್ಲ. ಪಿಷ್ಟ ಅಂದ್ರೆ ಸಕ್ಕರೆ ಮಣಿ ಪೋಣಿಸಿದ ಉದ್ದನೆ ಸರ. ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿರುತ್ತೆ. ಆ ಸುರುಳಿ ಒಳಗೆ ಅಯೋಡಿನ್ ಹೋಗಿ ಕೂತ್ರೆ ನೀಲಿ. ಹಸು ತಿಂದ ಮೇಲೆ ಸರ ಹೊಟ್ಟೆಯಲ್ಲೇ ಕಡಿದು ಚೂರಾಗುತ್ತೆ. ಕೆಚ್ಚಲಿನ ತನಕ ಬರೋದೇ ಇಲ್ಲ."

"ಅಂದ್ರೆ ನಾನು ಕಳ್ಳಿ ಅಂತೀಯಾ?"

ನೀಲಿಯಕ್ಕ ಕ್ಯಾನನ್ನು ಪಕ್ಕಕ್ಕೆ ಸರಿಸಿದಳು. ಸಾಲಿನಲ್ಲಿದ್ದವರ ಕಿವಿ ನೆಟ್ಟಗಾಯಿತು.

ಮಂಗಳವಾರವೂ ನೀಲಿ, ಬುಧವಾರವೂ ನೀಲಿ. ಅತ್ತಿಗೆ ಕಳೆದ ವಾರ ಹತ್ತು ಕೆಜಿ ಹಿಟ್ಟು ಒಯ್ದಳು ಅಂತ ಅಂಗಡಿಯವನು ಹೇಳಿದ. ಗುರುವಾರ ಸಂಜೆ ಅಣ್ಣನ ಮನೆಗೆ ಹೋದವಳು, ಯಾರೂ ಇಲ್ಲದ್ದು ನೋಡಿ ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆಗೆದು ನೋಡತೊಡಗಿದಳು.

"ಏನು ಹುಡುಕ್ತಿದ್ದೀಯ?" ಬಾಗಿಲಲ್ಲಿ ಅತ್ತಿಗೆ.

"ನೀರು ಕುಡಿಯೋಣ ಅಂತ..."

"ಹಿಟ್ಟಿನ ಡಬ್ಬೀಲಿ ನೀರಿರುತ್ತಾ? ತಂದ ಹಿಟ್ಟೆಲ್ಲ ಮನೆಯವರ ರೊಟ್ಟಿಗೇ ಹೋಗುತ್ತೆ. ಬಾ, ಹಾಲು ಕರೆಯೋ ಹೊತ್ತಾಯ್ತು. ಎದುರಿಗೇ ಕೂತು ನೋಡು."

ನೀಲಿಯಕ್ಕ ಕೂತಳು, ಅತ್ತಿಗೆಯ ಕೈಯಿಂದ ಕಣ್ಣು ತೆಗೆಯಲಿಲ್ಲ. ಕರೆದದ್ದಾಯಿತು. ಅತ್ತಿಗೆ ಕ್ಯಾನಿನ ಬಾಯಿಗೆ ಬಿಳಿ ಹತ್ತಿ ಬಟ್ಟೆ ಕಟ್ಟಿ ಹಾಲು ಸೋಸಲು ಹೊರಟಳು. ಬಟ್ಟೆ ಕಾಗದದ ಹಾಗೆ ಸೆಟೆದಿತ್ತು.

"ಇದು ಹೊಸದಾ?"

"ಭಾನುವಾರ ನಿಮ್ಮಣ್ಣ ತಂದ್ರು. ದಿನಾ ತಣ್ಣೀರಲ್ಲಿ ಜಾಲಿಸ್ತೀನಿ."

ನೀಲಿಯಕ್ಕ ಚೀಲದಿಂದ ಸೀಸೆ ತೆಗೆದು ಬಟ್ಟೆಯ ಅಂಚಿಗೆ ಒಂದು ಹನಿ ಬಿಟ್ಟಳು. ಅಂಚು ಕಡುನೀಲಿಯಾಯಿತು. ಬಟ್ಟೆ ಸೆಟೆದು ನಿಲ್ಲಲಿ ಅಂತ ಗಿರಣಿಯಲ್ಲಿ ಹಾಕಿದ ಪಿಷ್ಟದ ಗಂಜಿ! ತಣ್ಣೀರಿಗೆ ಅದು ಬಿಟ್ಟಿರಲಿಲ್ಲ. ದಿನವೂ ಆಗಷ್ಟೇ ಕರೆದ ಬೆಚ್ಚಗಿನ ಹಾಲಿಗೆ ಅಷ್ಟಷ್ಟು ಬಿಡುತ್ತಿತ್ತು. ಒಂದು ಚೂರು ಕತ್ತರಿಸಿ, ಕುದಿಯುವ ನೀರಲ್ಲಿ ನಾಲ್ಕು ಸಲ ಒಗೆದು ಹನಿ ಬಿಟ್ಟಳು. ನೀಲಿ ಬರಲಿಲ್ಲ, ಬರೀ ಅಯೋಡಿನ್ನಿನ ಕಂದು.

"ಹತ್ತಿ ಕೂಡ ಅದೇ ಸಕ್ಕರೆ ಮಣಿಯ ಸರವೇ ಅತ್ತಿಗೆ," ಅಂದಳು, ಮುಖ ಎತ್ತದೆ. "ಆದ್ರೆ ಕೊಂಡಿ ಬೇರೆ. ಸುರುಳಿಯಾಗಲ್ಲ, ನೇರವಾಗಿ ಹಗ್ಗದ ಹಾಗೆ ಹೊಸೆದುಕೊಳ್ಳುತ್ತೆ. ಗಿಡದ ಮೈ ಗಟ್ಟಿಯಾಗಿ ನಿಲ್ಲಿಸೋದು ಅದು, ಪಿಷ್ಟ ಕೂಡಿಟ್ಟ ಆಹಾರ."

"ಮಣಿ ವಿಷಯ ಅಷ್ಟು ಗೊತ್ತಿದ್ದವಳಿಗೆ ನನ್ನ ವಿಷಯ ಗೊತ್ತಾಗಲಿಲ್ಲ," ಅಂದಳು ಅತ್ತಿಗೆ.

ಶುಕ್ರವಾರ ಹಳೆ ಬಟ್ಟೆಯಲ್ಲಿ ಸೋಸಿದ ಹಾಲು ಹಳದಿ ಬಂತು. ಸಾಲಿನ ಮುಂದೆ ನಿಂತು ನೀಲಿಯಕ್ಕ, "ತಪ್ಪು ನನ್ನದು, ಹೊಸ ಬಟ್ಟೆಯ ಗಂಜಿ ಅದು," ಅಂತ ಗಟ್ಟಿಯಾಗಿ ಹೇಳಿದಳು. ಹಿಂದಿನಿಂದ ಒಬ್ಬ, "ಅಣ್ಣನ ಹೆಂಡತಿ ಅಲ್ವಾ, ತಪ್ಪನ್ನ ಬಟ್ಟೆ ಮೇಲೆ ಹಾಕಿದ್ರಾಯ್ತು," ಅಂದ. ತಾನು ಇಷ್ಟು ವರ್ಷ ಎಲ್ಲರನ್ನೂ ನೋಡುತ್ತಿದ್ದ ಕಣ್ಣಲ್ಲೇ ಎಲ್ಲರೂ ತನ್ನನ್ನು ನೋಡುತ್ತಿದ್ದಾರೆ ಅನ್ನಿಸಿ ಅವಳು ಸೀಸೆಯನ್ನು ಮೇಜಿನ ಮೇಲಿಟ್ಟಳು.

ಆಗ ಅತ್ತಿಗೆ ಸಾಲಿನಿಂದ ಮುಂದೆ ಬಂದು, ತಂದಿದ್ದ, ಇನ್ನೂ ಗಂಜಿ ಬಿಡದ ಆ ಹೊಸ ಬಟ್ಟೆಯನ್ನು ಮೇಜಿನ ಮೇಲೆ ಹರಡಿದಳು. "ಅನುಮಾನ ಇದ್ದೋರು ಬನ್ನಿ," ಅಂದಳು, "ನೀವೇ ಹನಿ ಬಿಟ್ಟು ನೋಡಿ."