ಅವ್ವನ ಕೈಗೆ ಬಂದ ಕೂಲಿ

ದುಡ್ಡಿನಿಂದ ಸುಖ ಬರುವುದಿಲ್ಲ ಎಂದು ಭಾಷಣ ಬಿಗಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರಲ್ಲಿ ಹೆಚ್ಚಿನವರು ಹೊಟ್ಟೆ ತುಂಬಿದವರೇ. ನಮ್ಮೂರು ಅರಕಲಗೂಡಿನ ಪಕ್ಕದಲ್ಲಿದೆ. ಶುಂಠಿಗೆ ಒಳ್ಳೆಯ ರೇಟು ಬಂದ ವರ್ಷ ನಮ್ಮ ಕೈಯಲ್ಲೂ ನಾಲ್ಕು ಕಾಸು ಓಡಾಡಿತು. ಅವ್ವನ ಕಣ್ಣಿನ ಪೊರೆ ತೆಗೆಸಲು ಹಾಸನಕ್ಕೆ ಕರೆದುಕೊಂಡು ಹೋದಾಗ, ಖರ್ಚೆಷ್ಟಾಗುತ್ತದೆ ಎಂದು ನಾನು ಮೊದಲೇ ಕೇಳಲಿಲ್ಲ. ಹಾಗೆ ಕೇಳದೆ ಇರುವುದು ಎಂಥ ಸುಖ ಅನ್ನುವುದು ಕೇಳಿ ಕೇಳಿ ಸಾಕಾದವನಿಗೆ ಮಾತ್ರ ಗೊತ್ತು. ಆದರೂ ಆ ದುಡ್ಡು ಅವ್ವನಿಂದ ಒಂದನ್ನು ಕಿತ್ತುಕೊಂಡಿತು.

ಅದಕ್ಕೆ ಮೊದಲು ನಾವು ಹೊಗೆಸೊಪ್ಪು ಬೆಳೆಯುತ್ತಿದ್ದೆವು. ಬೆಳಿಗ್ಗೆ ಮುರಿದ ಎಲೆಯನ್ನು ಅವತ್ತೇ ಕಡ್ಡಿಗೆ ಕಟ್ಟಿ, ಒಲೆಯ ಕಾವಿನಲ್ಲಿ ಎಲೆ ಬೇಯಿಸುವ ಮನೆ, ಬ್ಯಾರನ್ನಿಗೆ ಏರಿಸಬೇಕು. ಒಂದು ಮನೆಯವರ ಕೈಯಲ್ಲಿ ಮುಗಿಯುವ ಕೆಲಸವಲ್ಲ. ಅದಕ್ಕೇ ಮುಯ್ಯಾಳು. ಇವತ್ತು ಅವರು ನಮ್ಮ ಮನೆಗೆ ಬಂದು ದುಡಿದರೆ, ನಾಳೆ ನಾವು ಅವರ ಮನೆಗೆ ಹೋಗಿ ಆ ಆಳನ್ನು ತೀರಿಸುವುದು. ಕೂಲಿಯ ಮಾತೇ ಇಲ್ಲ, ಕೆಲಸವಿದ್ದ ಮನೆಯಲ್ಲಿ ಊಟ ಅಷ್ಟೆ. ಅವ್ವನೂ ಪಕ್ಕದ ಮನೆಯಾಕೆಯೂ ಹೀಗೆ ಮುಯ್ಯಿ ಮಾಡುತ್ತಲೇ ಮುದುಕಿಯರಾದವರು. ಚಪ್ಪರದ ಕೆಳಗೆ ಎದುರುಬದುರು ಕೂತು ಇಬ್ಬರೂ ಎಲೆ ಕಟ್ಟತೊಡಗಿದರೆ, ಊರಿನ ಯಾವ ಸೊಸೆಯ ಮಾನವೂ ಉಳಿಯುತ್ತಿರಲಿಲ್ಲ. ಅವ್ವ ಬಾಯಿ ತುಂಬ ನಕ್ಕಿದ್ದನ್ನು ನಾನು ಕೇಳಿದ್ದು ಹೆಚ್ಚಾಗಿ ಅಲ್ಲೇ.

ಶುಂಠಿ ಕೈಹಿಡಿದ ಮೇಲೆ ಹೊಗೆಸೊಪ್ಪು ಬಿಟ್ಟೆವು. ನಾನು ಹಳ್ಳಿಮೈಸೂರಿನ ಕಡೆ ಜಮೀನು ಗುತ್ತಿಗೆಗೆ ಹಿಡಿದೆ. ಅಲ್ಲಿಗೆ ಮೇಸ್ತ್ರಿ ಗಾಡಿಯಲ್ಲಿ ಆಳು ತರುತ್ತಿದ್ದ, ನಾನು ಫೋನಿನಲ್ಲೇ ದುಡ್ಡು ಹಾಕುತ್ತಿದ್ದೆ. ಊರಿನ ಸ್ವಂತ ಹೊಲಕ್ಕೆ ತೆಂಗಿನ ಸಸಿ ಇಟ್ಟು ಡ್ರಿಪ್ ಎಳೆಸಿದೆ. ಬ್ಯಾರನ್ ಕೆಡವಿ ಆ ಜಾಗದಲ್ಲಿ ತಾರಸಿ ಮನೆ ಕಟ್ಟಿದೆವು. ಅವ್ವ ಇನ್ನಾದರೂ ಕೂತು ಉಣ್ಣಲಿ ಎಂದು ನಾನೂ ನನ್ನ ಹೆಂಡತಿಯೂ ಹೆಮ್ಮೆಪಟ್ಟಿದ್ದೇ ಪಟ್ಟಿದ್ದು. ಅವಳಿಗೊಂದು ರೂಮು, ರೂಮಿಗೊಂದು ಟೀವಿ. ಅವ್ವ ಟೀವಿ ನೋಡಿದ್ದಕ್ಕಿಂತ ಅದರ ಧೂಳು ಒರೆಸಿದ್ದೇ ಹೆಚ್ಚು.

ಮುಂದಿನ ಮಳೆಗಾಲದಲ್ಲಿ ಪಕ್ಕದ ಮನೆಯವರು ಎಲೆ ಮುರಿಯಲು ಶುರುಮಾಡಿದರು. ಒಂದು ಬೆಳಿಗ್ಗೆ ಅವ್ವ ಹಳೆಯ ಸೀರೆ ಉಟ್ಟುಕೊಂಡು, ಯಾರಿಗೂ ಹೇಳದೆ ಅಲ್ಲಿಗೆ ಹೋಗಿಬಿಟ್ಟಳು. ನೋಡಿದವರು ಏನಂದಾರು ಎಂದು ನನ್ನ ಹೆಂಡತಿ ಗೊಣಗಿದಳು. ಹೋಗಲಿ ಬಿಡು, ಅವಳಿಗೂ ಹೊತ್ತು ಹೋಗಬೇಕಲ್ಲ ಎಂದೆ. ಅವತ್ತೆಲ್ಲ ಕಾಂಪೌಂಡಿನ ಆಚೆಯಿಂದ ಅವ್ವನ ದನಿ ಕೇಳಿಸುತ್ತಿತ್ತು. ಹೊಸ ಮನೆಗೆ ಬಂದ ಮೇಲೆ ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಸಂಜೆ ಕರೆತರಲು ಹೋದೆ. ಪಕ್ಕದ ಮನೆಯಾಕೆ, ಮುಯ್ಯಾಳು ಸಾಲದೆ ಕೂಲಿಗೆ ಕರೆದಿದ್ದ ಹೆಂಗಸರಿಗೆ ದುಡ್ಡು ಕೊಡುತ್ತಿದ್ದಳು. ಅವರಿಗೆ ಕೊಟ್ಟು ಮುಗಿಸಿ, ಅಷ್ಟೇ ನೋಟುಗಳನ್ನು ಅವ್ವನ ಕೈಗೂ ಇಟ್ಟಳು. ತಮಾಷೆ ಇರಬೇಕೆಂದು ಅವ್ವ ನಗುತ್ತಾ ಕೈ ಹಿಂದಕ್ಕೆಳೆದುಕೊಂಡಳು. ಆಕೆ ನಗಲಿಲ್ಲ.

“ನಿಮ್ಮನೇಲಿ ಈಗ ಮುಯ್ಯಾಳು ಕರೆಯಾಕಿಲ್ವಲ್ಲಕ್ಕಾ. ನಾನು ಯಾವತ್ತು ಬಂದು ತೀರ್ಸ್ಲಿ? ಋಣ ಒತ್ಕಂಡು ಕೂರಕಾಯ್ತದಾ ನಂಗೆ?”

ಆ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಒಂದು ಜಗಳವಾಡಿ ಹಗುರಾಗಬಹುದಿತ್ತು. ಆಕೆ ಹೇಳಿದ್ದು ನ್ಯಾಯವಾಗಿತ್ತು, ತನ್ನ ಮರ್ಯಾದೆಯನ್ನು ತಾನು ಉಳಿಸಿಕೊಂಡಿದ್ದಳು. ಅವ್ವ ಎಲೆಯ ಅಂಟು ಮೆತ್ತಿದ ಕೈಯಲ್ಲಿ ನೋಟು ಹಿಡಿದುಕೊಂಡೇ ಮನೆಗೆ ಬಂದಳು. ಬಂದವಳು ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದಳು.

ಮಾರನೆಯ ದಿನ ಅವಳು ಹೋಗಲಿಲ್ಲ. ಹೋಗಿ ಬಾರವ್ವ ಎಂದೆ. “ಕೂಲಿಗೆ ಓಗ್ಲೇನ್ಲಾ?” ಎಂದು ಕೇಳಿದಳು.

ವಾರ ಕಳೆದಿರಬೇಕು. ಊಟಕ್ಕೆ ಕೂತಾಗ ಅವ್ವ ಮೆಲ್ಲಗೆ ಕೇಳಿದಳು. “ನಮ್ಮನೇಲಿ ಒಂದಿನದ ಕೆಲ್ಸನಾದ್ರೂ ಐತೇನ್ಲಾ, ಅವಳ್ನ ಕರಿಯಾಕೆ?”

ನಾನು ತುತ್ತು ಕೈಯಲ್ಲಿ ಹಿಡಿದು ಯೋಚಿಸಿದೆ. ತೆಂಗಿನ ಸಸಿಗೆ ನೀರು ತಾನೇ ಹನಿಯುತ್ತಿತ್ತು. ರಾಗಿ ಅಂಗಡಿಯಿಂದ ಬರುತ್ತಿತ್ತು. ಅಂಗಳಕ್ಕೆ ಟೈಲ್ಸ್ ಹಾಕಿಸಿದ್ದೆ, ಸಾರಿಸುವಂತಿರಲಿಲ್ಲ. ನೋಡೋಣವ್ವ ಎಂದೆ. ಅವಳು ಇನ್ನೊಂದು ಸಲ ಕೇಳಲಿಲ್ಲ. ಅಷ್ಟೆಲ್ಲ ದುಡ್ಡು ಸುರಿದು ಕಟ್ಟಿದ ಮನೆಯಲ್ಲಿ, ಅವ್ವ ತನ್ನ ಗೆಳತಿಯನ್ನು ಕರೆಯಲು ಒಂದು ದಿನದ ಕೆಲಸವೂ ಇರಲಿಲ್ಲ.