ಚರ್ಮದ ಚೆಂಡಿನ ವಯಸ್ಸು

ನಮ್ಮ ನಾಲ್ಕು ಊರುಗಳ ಮಕ್ಕಳ ಬೇಸ್‌ಬಾಲ್ ಲೀಗಿಗೆ ನಿಯಮ ಬರೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದದ್ದಕ್ಕೆಲ್ಲ ಚೆಂಡನ್ನೋ, ಎಸೆದ ಹುಡುಗನನ್ನೋ, ಹಣೆಬರಹವನ್ನೋ ದೂರಿ ಕೈತೊಳೆದುಕೊಳ್ಳುವ ಆಸೆ ನನಗೂ ಬಂದಿತ್ತು. ಆದರೆ ಆ ಹಾಳೆಗಳ ಕೆಳಗಿರುವುದು ನನ್ನ ಸಹಿ.

ಲೀಗು ಶುರು ಮಾಡಿದವರು ಜಮಖಂಡಿಯ ಒಬ್ಬ ನಿವೃತ್ತ ಪಿ.ಟಿ. ಮಾಸ್ತರು. ಜನ್ಮವಿಡೀ ಕಬಡ್ಡಿ, ಖೋ ಖೋ ಆಡಿಸಿ ಬೇಸರ ಬಂದಿತ್ತೋ ಏನೋ, ಯಾವುದೋ ಶಿಬಿರಕ್ಕೆ ಹೋಗಿ ಬಂದವರೇ ಬೇಸ್‌ಬಾಲಿನ ಹುಚ್ಚು ಹಿಡಿಸಿಕೊಂಡರು. ಒಂದಿಷ್ಟು ಬ್ಯಾಟು, ಹೆಲ್ಮೆಟ್ಟು, ಗೋಣಿಚೀಲದ ತುಂಬ ಗ್ಲೌಸು ತಂದು ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಅಂತ ಊರಿಗೊಂದು ತಂಡ ಕಟ್ಟಿದರು. ಭಾನುವಾರ ಬೆಳಿಗ್ಗೆ ಸರದಿಯಂತೆ ಒಂದೊಂದು ಊರಿನಲ್ಲಿ ಆಟ. ಬನಹಟ್ಟಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ನನ್ನನ್ನು ಕಾರ್ಯದರ್ಶಿ ಮಾಡಿದರು. ನನಗೆ ಆಟ ಬರುತ್ತದೆಂದಲ್ಲ, ಜಗಳ ಬರುತ್ತದೆಂದು.

ಜಗಳವೆಲ್ಲ ವಯಸ್ಸಿನದು. ಮೊದಲ ವರ್ಷ ಭಾನುವಾರ ಬಂತೆಂದರೆ ಯಾರಾದರೊಬ್ಬ ಅಪ್ಪ ಮೈದಾನಕ್ಕೆ ನುಗ್ಗಿ ಎದುರು ತಂಡದ ಹುಡುಗನ ಗದ್ದ ಎತ್ತಿ ಹಿಡಿದು, "ಮೀಸಿ ಬಂದಾವ ನೋಡ್ರಿ, ಇಂವಾ ಆರನೇ ಕ್ಲಾಸಿನಾಂವ ಏನ್ರಿ?" ಅಂತ ಕೂಗುವುದು, ಆ ಹುಡುಗನ ಮಾವ ತೋಳೇರಿಸುವುದು ಇದ್ದದ್ದೇ. ನನಗೆ ತಲೆ ಚಿಟ್ಟುಹಿಡಿದು ಬೇಸಿಗೆ ರಜೆಯಲ್ಲಿ ಕೂತು ನಿಯಮ ಬರೆದೆ.

ಹನ್ನೊಂದು ತುಂಬದ ಮಕ್ಕಳಿಗೆ ರಬ್ಬರ್ ಚೆಂಡು, ತುಂಬಿದವರಿಗೆ ಚರ್ಮದ ಚೆಂಡು. ನೋಡದವರಿಗೆ ಹೇಳಬೇಕೆಂದರೆ, ಚರ್ಮದ ಚೆಂಡು ಬಲಿತ ಬೇಲದ ಕಾಯಿಯಷ್ಟು ಗಟ್ಟಿ. ಪ್ರತಿ ತಂಡದಲ್ಲಿ ಮೂವರಾದರೂ ಹುಡುಗಿಯರು ಇರಬೇಕು, ಇಲ್ಲದಿದ್ದರೆ ಆ ದಿನದ ಆಟ ಸೋತಂತೆ. ಎಲ್ಲರೂ ಸರದಿಯಂತೆ ಬ್ಯಾಟ್ ಹಿಡಿಯಬೇಕು, ಅಂಜಿಕೆ ಅಂತ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ವಯಸ್ಸಿಗೆ ಶಾಲೆಯ ದಾಖಲೆಯೇ ಕೊನೆ, ಮೀಸೆ ನೋಡುವಂತಿಲ್ಲ. ಕೊನೆಯದನ್ನು ಬರೆದಾಗ ಪೆನ್ನು ಒತ್ತಿ ಬರೆದದ್ದು ನೆನಪಿದೆ: ವಯಸ್ಸಿನ ಸುಳ್ಳು ದಾಖಲೆ ಸಿಕ್ಕರೆ ಇಡೀ ತಂಡ ಆ ವರ್ಷ ಹೊರಗೆ.

ಮಾಸ್ತರು ಓದಿ ಕನ್ನಡಕ ತೆಗೆದರು. "ಇಡೀ ತಂಡ ಯಾಕ್ರಿ ಅಕ್ಕೋರ? ತಪ್ಪ ಮಾಡಿದಾವ ಒಬ್ಬ ಇರ್ತಾನ."

"ಒಬ್ಬನ್ನ ಹೊರಗ ಹಾಕಿದ್ರ ಯಾರೂ ಅಂಜಂಗಿಲ್ರಿ ಸರ್," ಅಂದೆ.

ಹಾಗೆ ಹೇಳುವಾಗ ನನಗೆ ಗೊತ್ತಿತ್ತು, ನಾಲ್ಕೂ ತಂಡಗಳಲ್ಲಿ ಖಂಡಿತವಾಗಿ ಸುಳ್ಳೆಂದು ನಾನು ಪ್ರಮಾಣ ಮಾಡಿ ಹೇಳಬಹುದಾದ ದಾಖಲೆ ಒಂದೇ ಒಂದು. ಅದು ಬನಹಟ್ಟಿ ತಂಡದಲ್ಲಿ ಆಡುವ ನನ್ನ ಮಗಳದು.

ಅವಳು ಹುಟ್ಟಿದ್ದು ಚಿಮ್ಮಡದ ನನ್ನ ತವರಿನಲ್ಲಿ, ಮನೆಯಲ್ಲೇ. ನೋಂದಣಿ ಮಾಡಿಸುವುದು ಇವತ್ತು ನಾಳೆ ಅಂತ ಉಳಿದುಹೋಯಿತು. ಅವಳಿಗೆ ನಾಲ್ಕೂವರೆ ಆಗುವ ಹೊತ್ತಿಗೆ ನನಗೆ ಬನಹಟ್ಟಿಗೆ ವರ್ಗವಾಯಿತು. ಗಂಡನ ಕೆಲಸ ಮುಧೋಳದ ಕಡೆ, ಸಕ್ಕರೆ ಕಾರ್ಖಾನೆಯಲ್ಲಿ. ಮಗುವನ್ನು ನೋಡಿಕೊಳ್ಳುವವರಿಲ್ಲ. ನಮ್ಮ ಹೈಸ್ಕೂಲಿನ ಆವರಣದಲ್ಲೇ ಇದ್ದ ಪ್ರಾಥಮಿಕ ಶಾಲೆಯ ಒಂದನೇ ತರಗತಿಗೆ ಸೇರಿಸಿದರೆ ನನ್ನ ಕಣ್ಣೆದುರೇ ಇರುತ್ತಾಳೆ, ಆದರೆ ಅದಕ್ಕೆ ಆರು ತುಂಬಿರಬೇಕು. ತಡವಾದ ನೋಂದಣಿಗೆ ಹೇಗೂ ಅಫಿಡವಿಟ್ಟು ಬೇಕಿತ್ತು, ಅದರಲ್ಲೇ ಒಂದೂವರೆ ವರ್ಷ ಹಿಂದಕ್ಕೆ ಸರಿಸಿದೆವು. ಎಲ್ಲರೂ ಮಾಡುವುದನ್ನೇ ಮಾಡಿದ್ದೇವೆ ಅಂತ ಸಮಾಧಾನ. ಸಹಿ ಮಾಡುವಾಗ ಕೈ ನಡುಗಿತು ಅಂತ ಬರೆದರೆ ಚೆನ್ನಾಗಿರುತ್ತದೆ, ಆದರೆ ನಡುಗಲಿಲ್ಲ.

ಅವಳಿಗೆ ಹೇಳಲಿಲ್ಲ. ಮಕ್ಕಳ ಬಾಯಿ, ಎಲ್ಲಾದರೂ ಅಂದುಬಿಟ್ಟರೆ? ಕಾಗದದ ತಾರೀಖಿಗೇ ಕೇಕು ತಂದೆವು, ಕಾಗದದ ವಯಸ್ಸಿನಷ್ಟೇ ಮೇಣದಬತ್ತಿ ಹಚ್ಚಿದೆವು. ಓದಿನಲ್ಲಿ ಚುರುಕಿದ್ದಳು, ಹೇಗೋ ನಡೆಯಿತು. ಮೈಗೆ ಮಾತ್ರ ಅಫಿಡವಿಟ್ಟು ಗೊತ್ತಿರಲಿಲ್ಲ. ತರಗತಿಯ ಸಾಲಿನಲ್ಲಿ ಯಾವಾಗಲೂ ಅವಳೇ ಮುಂದೆ. ಎತ್ತರವಾಗುತ್ತೇನೆಂದು ಶಾಲೆಯ ಗೇಟಿನ ಕಂಬಿ ಹಿಡಿದು ಜೋತುಬೀಳುತ್ತಿದ್ದಳು. ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು.

"ಯವ್ವಾ, ನಾ ಒಬ್ಬಾಕಿನ ಯಾಕ ಬೆಳ್ಯಾಂಗಿಲ್ಲ?"

"ನಿಮ್ಮಪ್ಪ ಗಿಡ್ಡ ಅದಾನಲ್ಲ, ಅದಕ್ಕ," ಅಂದೆ. ನನ್ನ ಗಂಡ ಗಿಡ್ಡನೇನೂ ಅಲ್ಲ.

ಆ ವರ್ಷ ದಾಖಲೆಯಂತೆ ಅವಳಿಗೆ ಹನ್ನೆರಡು. ಚರ್ಮದ ಚೆಂಡಿನ ವಯಸ್ಸು. ನಿಜಕ್ಕೂ ಹತ್ತೂವರೆ.

ಬೀಳಗಿ ತಂಡಕ್ಕೆ ಅನಗವಾಡಿಯ ಒಬ್ಬ ಹೊಸ ಹುಡುಗ ಸೇರಿದ್ದಾನೆ ಅಂತ ಸುದ್ದಿ ಬಂತು. ಮುಧೋಳದ ಆಟಕ್ಕೆ ಹೋದಾಗ ಅವನನ್ನು ನೋಡಿದೆ. ನೋಡುವ ಮೊದಲು ಕೇಳಿದೆ ಅನ್ನಬೇಕು, ಆಟೋ ಇಳಿದು ಬಾಡಿಗೆ ಕೊಡುತ್ತಿದ್ದೆ, ಗೋಡೆಯಾಚೆಯಿಂದ ಚೆಂಡು ಗ್ಲೌಸಿಗೆ ಬಡಿದ ಸದ್ದು ಬಂತು. ಅಂಥ ಸದ್ದು ನಮ್ಮ ಲೀಗಿನಲ್ಲಿ ಅಲ್ಲಿಯವರೆಗೆ ಕೇಳಿರಲಿಲ್ಲ. ಆಟೋದವನೂ ಒಂದು ಕ್ಷಣ ಆ ಕಡೆ ನೋಡಿದ. ಒಳಗೆ ಹೋದರೆ ಎತ್ತರದ, ಉದ್ದ ತೋಳಿನ, ಕಪ್ಪನೆಯ, ಮಾತೇ ಆಡದ ಹುಡುಗ. ಅವನು ಕೈ ಎತ್ತಿದರೆ ಸಾಕು, ಮುಧೋಳದ ದೊಡ್ಡ ದೊಡ್ಡ ಹುಡುಗರು ಚೆಂಡು ಕೈಬಿಡುವ ಮೊದಲೇ ಹಿಂದೆ ಸರಿಯುತ್ತಿದ್ದರು. ಒಬ್ಬನ ಹೆಲ್ಮೆಟ್ಟಿಗೆ ತಾಗಿ ಹೆಲ್ಮೆಟ್ಟು ಕಳಚಿ ಬಿತ್ತು. ಹುಡುಗನಿಗೇನೂ ಆಗಲಿಲ್ಲ, ಎಲ್ಲರೂ ನಕ್ಕರು. ನಾನು ಮುಂದಿನ ವಾರದ ಪಟ್ಟಿ ತೆಗೆದು ನೋಡಿದೆ. ಬೀಳಗಿಗೆ ಎದುರು ಬನಹಟ್ಟಿ.

"ಹದಿನೈದರ ಮ್ಯಾಲ ಐತ್ರಿ ಇವನ ವಯಸ್ಸ," ಅಂತ ಮುಧೋಳದವರು ನನ್ನ ಮುಂದೆ ಹಲ್ಲು ಕಡಿದರು. ನನಗೆ ಒಳಗೊಳಗೇ ಖುಷಿಯಾಯಿತು. ಇವನ ದಾಖಲೆ ಸುಳ್ಳೆಂದು ತೋರಿಸಿದರೆ ಬೀಳಗಿ ತಂಡ ಹೊರಬೀಳುತ್ತದೆ, ನನ್ನ ಮಗಳು ಈ ಚೆಂಡಿನ ಎದುರು ನಿಲ್ಲುವುದು ತಪ್ಪುತ್ತದೆ. ನಾನು ಬರೆದ ನಿಯಮವೇ ನನ್ನನ್ನು ಕಾಯುತ್ತದೆ ಅಂದುಕೊಂಡೆ. ಎಂಥ ನಾಚಿಕೆಗೆಟ್ಟ ಯೋಚನೆ ಅಂತ ಈಗ ಅನಿಸುತ್ತದೆ, ಆಗ ಅದೇ ಜಾಣತನ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಬೀಳಗಿಯಲ್ಲಿ ಬಸ್ಸು ಬದಲಿಸಿ ಅನಗವಾಡಿಗೆ ಹೋದೆ. ಹುಡುಗ ಹೊಳೆಯ ದಂಡೆಯಲ್ಲಿದ್ದ. ಹಿನ್ನೀರಿನಲ್ಲಿ ಮುಳುಗಿ ತಲೆಯಷ್ಟೇ ಹೊರಗಿದ್ದ ಒಣ ಜಾಲಿ ಗಿಡಕ್ಕೆ ಕಲ್ಲು ಎಸೆಯುತ್ತಿದ್ದ. ಅದು ಎಷ್ಟು ದೂರವಿತ್ತೆಂದರೆ ನನಗೆ ಸರಿಯಾಗಿ ಕಾಣುತ್ತಲೂ ಇರಲಿಲ್ಲ, ಪ್ರತಿ ಕಲ್ಲಿಗೂ ಕಟ್ಟಿಗೆ ಸೀಳಿದ ಸದ್ದು ಮಾತ್ರ ಬರುತ್ತಿತ್ತು. ನನ್ನನ್ನು ಕಂಡು ಕೈಯಲ್ಲಿದ್ದ ಕಲ್ಲು ಕೆಳಗೆ ಬಿಟ್ಟು, "ನಮಸ್ಕಾರ್ರೀ ಅಕ್ಕೋರ," ಅಂದ. ದನಿ ಇನ್ನೂ ಒಡೆದಿರಲಿಲ್ಲ, ಹುಡುಗಿಯ ದನಿಯಂತಿತ್ತು. ಹದಿನೈದು ದಾಟಿದ ಹುಡುಗನ ದನಿಯಲ್ಲ ಅದು.

ಅವನ ಮನೆಗೆ ಹೋಗಿ ವಯಸ್ಸಿನ ದಾಖಲೆ ಕೇಳಿದೆ. ಅವನ ತಾಯಿ ಟ್ರಂಕು ತೆಗೆದು ತಾಯಿ ಕಾರ್ಡು ಕೊಟ್ಟಳು. ಹೆರಿಗೆಯಾದ ಆಸ್ಪತ್ರೆ, ದಿನ, ಹೊತ್ತು, ತೂಕ, ಹಾಕಿಸಿದ ಒಂದೊಂದು ಲಸಿಕೆಯ ತಾರೀಖು, ಬೇರೆ ಬೇರೆ ನರ್ಸುಗಳ ಬೇರೆ ಬೇರೆ ಅಕ್ಷರದಲ್ಲಿ. ಹನ್ನೆರಡು ವರ್ಷ, ಮೇಲೆ ನಾಲ್ಕು ತಿಂಗಳು. ಎಲ್ಲೂ ತಿದ್ದಿರಲಿಲ್ಲ. ನಾನು ಬೆಳಕಿಗೆ ಹಿಡಿದು ಕೂಡ ನೋಡಿದೆ.

"ಮಗಾ ಎತ್ತರ ಬೆಳದದ್ದು ತಪ್ಪೇನ್ರಿ ಅಕ್ಕೋರ?" ಅಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಚಹಾ ಕೊಟ್ಟು, "ನಿಮ್ಮ ಮಗಳೂ ಆಡ್ತಾಳಂತಲ್ರಿ. ಎಷ್ಟ ವಯಸ್ಸ?"

"ಹನ್ನೆರಡು."

"ಹಂಗಾರ ನಮ್ಮ ಹುಡುಗನ ವಾರಗಿಯಾಕಿ," ಅಂತ ನಕ್ಕಳು. ಸರೀಕಳು ಅಂತ. ನಾನು ಚಹಾದ ಲೋಟ ಕೆಳಗಿಟ್ಟು ವಾಪಸು ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದೆ.

ವಾಪಸು ಬರುವ ಬಸ್ಸಿನಲ್ಲಿ ಎಲ್ಲ ದಾರಿಗಳನ್ನೂ ಒಂದೊಂದಾಗಿ ಯೋಚಿಸಿದೆ. ಮಾಸ್ತರಿಗೆ ನಿಜ ಹೇಳಿದರೆ ನಾನೇ ಬರೆದ ನಿಯಮದಂತೆ ಬನಹಟ್ಟಿಯ ಮಕ್ಕಳೆಲ್ಲ ಹೊರಗೆ. ಸರ್ಕಾರಿ ಶಿಕ್ಷಕಿ ಸುಳ್ಳು ಅಫಿಡವಿಟ್ಟು ಕೊಟ್ಟಳೆಂದರೆ ಕೆಲಸದ ಗತಿ ಏನು? ಹೇಳದಿದ್ದರೆ ನಾಳೆ ಬೆಳಿಗ್ಗೆ ಅವಳು ಆ ಹುಡುಗನ ಎದುರು ನಿಲ್ಲುತ್ತಾಳೆ. ಕೊನೆಗೆ ಸುಲಭದ ದಾರಿ ಹಿಡಿದೆ. ಬೆಳಿಗ್ಗೆ ಅವಳು ಬೂಟಿನ ಲೇಸು ಕಟ್ಟುವಾಗ, "ಇವತ್ತ ಬ್ಯಾಡ. ಜ್ವರ ಬಂದಾವ ಅಂತ ಹೇಳ್ತೀನಿ," ಅಂದೆ.

"ನಮ್ಮ ತಂಡದಾಗ ಹುಡುಗ್ಯಾರು ಮೂರ ಮಂದಿ ಇರೂದು. ನಾ ಹೋಗ್ಲಿಲ್ಲಂದ್ರ ಆಡದನ ಸೋಲ್ತೀವಿ. ನೀನ ಬರದಿದ್ದಲ್ಲ ಬೇ?"

ಹೌದು, ನಾನೇ ಬರೆದಿದ್ದು.

ಹೈಸ್ಕೂಲು ಮೈದಾನದ ಎರೆಮಣ್ಣು ಒಣಗಿ ಕಲ್ಲಾಗಿತ್ತು. ಊರಿನ ಅರ್ಧ ಮಂದಿ ಬಂದಿದ್ದರು, ಮಗ್ಗಗಳ ಸದ್ದಿಲ್ಲದ ಭಾನುವಾರ. ನಾನು ಅಂಕ ಬರೆಯುವ ಮೇಜಿನ ಹಿಂದೆ ಕೂತೆ. ಮಾಸ್ತರು ಅಂಪೈರು. ಮೊದಲ ಸರದಿಯಲ್ಲಿ ಮಗಳು ಬ್ಯಾಟ್ ಹಿಡಿದು ಹೋದಾಗ ಹೆಲ್ಮೆಟ್ಟು ಅವಳ ಹುಬ್ಬಿನವರೆಗೆ ಇಳಿದಿತ್ತು. ಮೂರು ಚೆಂಡು ಬಂದವು, ಮೂರಕ್ಕೂ ಹಿಂದೆ ಜಿಗಿದಳು, ಔಟಾಗಿ ಬಂದಳು. ನಮ್ಮ ಹುಡುಗರೇ ಕಿಸಕ್ಕೆಂದರು. ನನಗೆ ಮಾತ್ರ ದೇವರು ಕಾಪಾಡಿದ ಅನಿಸಿತು. ಹೀಗೇ ಜಿಗಿಯುತ್ತಿರಲಿ, ಮುಗಿದುಹೋಗಲಿ.

ಎರಡನೇ ಸರದಿಗೆ ಆ ಹುಡುಗ ಅವಳನ್ನು ಒಂದು ಗಳಿಗೆ ದಿಟ್ಟಿಸಿದ. ಆಮೇಲೆ ಚೆಂಡನ್ನು ಕೆಳಗಿನಿಂದ, ತಮ್ಮನಿಗೆ ಎಸೆಯುವಂತೆ, ಮೆಲ್ಲಗೆ ಬಿಟ್ಟ. ಅಷ್ಟು ಜನರಲ್ಲಿ ಅವಳು ಸಣ್ಣವಳೆಂದು ಕಣ್ಣಿಂದಲೇ ಕಂಡುಕೊಂಡವನು ಅವನೊಬ್ಬ. ಮಂದಿ ಗೊಳ್ಳೆಂದು ನಕ್ಕರು. ಮಾಸ್ತರು ಕೈ ಎತ್ತಿ ಆಟ ನಿಲ್ಲಿಸಿದರು.

"ಲೇ ತಮ್ಮಾ, ಎಲ್ಲಾರಿಗೂ ಒಂದ ನಮೂನಿ ಒಗಿ. ಹುಡುಗಿ ಅಂತ ದಯಾ ತೋರಸಬ್ಯಾಡ."

ಅವನು ಕದಲಲಿಲ್ಲ. ಮಾಸ್ತರ ಮುಖ ನೋಡಿದ, ನನ್ನ ಮುಖವನ್ನೂ ನೋಡಿದ. ನಿಜವಾಗಿ ನೋಡಿದ, ನಾನೇನಾದರೂ ಹೇಳುತ್ತೇನೇನೋ ಎಂಬಂತೆ. ನಾನು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.

ಅಷ್ಟರಲ್ಲಿ ನನ್ನ ಮಗಳು ಕೂಗಿದಳು. "ಜೋರ ಒಗಿ! ನಾನೂ ಹನ್ನೆರಡ ವರ್ಷದಾಕಿ ಅದೀನಿ!"

ಎದ್ದು ನಿಂತೆ. ಬಾಯಿ ತೆರೆದೆ ಕೂಡ. ಮಾತು ನಾಲಗೆಯ ತುದಿಗೆ ಬಂದಿತ್ತು, ಎರಡೇ ಪದ, ಅವಳಿಗೆ ಹತ್ತು. ಹಿಂದಿನಿಂದ ಯಾರೋ, "ಕುಂದರ್ರಿ ಅಕ್ಕೋರ, ಕಾಣಸವಲ್ತು," ಅಂದರು. ನಾನು ಕೂತೆ. ಹೇಳಲೇಬಾರದು ಅಂತ ತೀರ್ಮಾನ ಮಾಡಿ ಕೂತೆನೋ, ಯಾರೋ ಕೂರಲು ಹೇಳಿದರೆಂದು ಕೂತೆನೋ, ಎಷ್ಟು ಸಲ ಯೋಚಿಸಿದರೂ ನನಗೇ ಹೊಳೆಯುವುದಿಲ್ಲ.

ಹುಡುಗ ಕೈ ಎತ್ತಿದ. ಈ ಸಲ ಅವಳು ಹಿಂದೆ ಜಿಗಿಯಲಿಲ್ಲ. ಹಲ್ಲು ಕಚ್ಚಿ ನಿಂತಲ್ಲೇ ನಿಂತಳು, ಹನ್ನೆರಡು ವರ್ಷದವರು ನಿಲ್ಲುವ ಹಾಗೆ. ಚೆಂಡು ಬ್ಯಾಟಿಗೆ ತಾಗಲಿಲ್ಲ. ಅವಳ ಬಲಗೈ ಮಣಿಕಟ್ಟಿಗೆ ತಾಗಿದ ಸದ್ದು ಮೇಜಿನವರೆಗೆ ಬಂತು.

ಮೊದಲು ಓಡಿ ಬಂದವನು ಆ ಹುಡುಗನೇ. ಅವನು ಅಳುತ್ತಿದ್ದ. ಅವಳು ಅಳುತ್ತಿರಲಿಲ್ಲ, ತುಟಿ ಬಿಳಿಚಿಕೊಂಡು, ಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದು, "ನಾ ಜಿಗೀಲಿಲ್ಲ, ನೋಡಿದ್ಯಾ?" ಅಂತ ನನ್ನನ್ನೇ ಕೇಳುತ್ತಿದ್ದಳು.

ಮಾಸ್ತರು ಯಾರದೋ ಕಾರಿನಲ್ಲಿ ನಮ್ಮನ್ನು ಜಮಖಂಡಿಯ ಆಸ್ಪತ್ರೆಗೆ ಕರೆದೊಯ್ದರು. ಎಕ್ಸ್‌ರೇ ಆಯಿತು. ಡಾಕ್ಟರು ಫಿಲ್ಮನ್ನು ದೀಪದ ಮುಂದೆ ಹಿಡಿದು, "ವಯಸ್ಸೆಷ್ಟವಾ?" ಅಂತ ಅವಳನ್ನೇ ಕೇಳಿದರು.

"ಹನ್ನೆರಡ್ರಿ." ತಡವರಿಸದೆ ಹುಟ್ಟಿದ ತಾರೀಖನ್ನೂ ಹೇಳಿದಳು.

ಡಾಕ್ಟರು ಮತ್ತೊಮ್ಮೆ ಫಿಲ್ಮು ನೋಡಿದರು. "ಮಣಿಕಟ್ಟಿನ ಎಲುವ ಮುರದೈತಿ, ಕೂಡ್ತೈತಿ, ಅಂಜಬ್ಯಾಡ್ರಿ. ಆದ್ರ ಇದು ಹನ್ನೆರಡು ವರ್ಷದ ಕೈಯಾಂಗ ಕಾಣವಲ್ತು. ಇನ್ನೂ ಸಣ್ಣ ಮಗುವಿನ ಎಲುವ ಇದ್ದಂಗ ಐತಿ."

ಆಗ ಅವಳು ಅತ್ತಳು. ಮುರಿದಾಗ ಅಳದವಳು ಆಗ ಅತ್ತಳು. "ನನಗ ಏನರ ರೋಗ ಐತೇನ್ರಿ ಡಾಕ್ಟರ? ಅದಕ್ಕ ನಾ ಬೆಳ್ಯಾಂಗಿಲ್ಲೇನ್ರಿ? ನಾ ದಿನಾ ಜೋತಬೀಳ್ತೀನ್ರಿ, ಹಾಲು ಕುಡೀತೀನ್ರಿ."

ನನ್ನ ಮಗಳು ಆರು ವರ್ಷ ತನಗೊಂದು ಜಡ್ಡಿದೆ ಎಂದು ನಂಬಿ ಬದುಕಿದ್ದಳು. ಇದು ನನಗೆ ಗೊತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಬಾಗಿಲಲ್ಲಿ ಮಾಸ್ತರು ನಿಂತಿದ್ದರು. ಅವರಿದ್ದಾರೆಂದು ಗೊತ್ತಿದ್ದೇ ಹೇಳಿದೆ.

"ರೋಗ ಇಲ್ರಿ. ಅಕೀಗ ಹತ್ತೂವರಿ. ದಾಖಲೆ ನಾವು ಸುಳ್ಳು ಮಾಡಿಸೇವಿ."

ಡಾಕ್ಟರು ಚೀಟಿಯಲ್ಲಿ ಬರೆದಿದ್ದ ವಯಸ್ಸನ್ನು ಹೊಡೆದುಹಾಕಿದರು. ಮಾಸ್ತರು ಗೋಡೆ ನೋಡುತ್ತಿದ್ದರು. ಮಗಳಿಗೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ತಾನು ಜಡ್ಡಿನವಳಲ್ಲ, ಅಂಜುಬುರುಕಿಯಲ್ಲ, ವಯಸ್ಸಿಗೆ ತಕ್ಕ ಹುಡುಗಿಯೇ ಅಂತ ಗೊತ್ತಾಯಿತಲ್ಲ. ಅವಳು ಅಳು ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ನಾ ಬ್ಯಾಟ್ ಹಿಡಕೊಂಡ ಅಲ್ಲಿ ನಿಂತಾಗ ನಿನಗ ಇದು ಗೊತ್ತಿತ್ತೇನ ಬೇ?"

"ಗೊತ್ತಿತ್ತು."

"ಜೋರ ಒಗಿ ಅಂದಾಗೂ?"

"ಹೂಂ."

ನರ್ಸು ಪ್ಲಾಸ್ಟರಿನ ಬಟ್ಟಲು ತಂದಿಟ್ಟಳು. ಮಗಳ ಎಡಗೈ ನನ್ನ ಕೈಯಲ್ಲಿತ್ತು, ಅದನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಅಪ್ಪಗ ಫೋನ ಹಚ್ಚು," ಅಂದಳು. "ಅಂವಾ ಬರೂತನಕ ಸರ್ ಇಲ್ಲಿ ಇರ್ತಾರ. ನೀ ಹೊರಗ ಕುಂದ್ರು."

ನಾನು ಹೊರಗೆ ಹೋಗಿ ಕೂತೆ.