ಮಂಚದಡಿಯ ಎಣ್ಣೆ ಬಾಟಲಿ

ಸುಲೈಮಾನ್ ಕಾಕನ ಮನೆಯಲ್ಲಿ ಎಣ್ಣೆ ಮುಗಿದದ್ದು ಒಮ್ಮೆ ಮಾತ್ರ. ಅದೂ ಸುಳ್ಳು.

ಕಾಣಿಯೂರಿನ ಸುತ್ತ ಯಾರ ಕೈಕಾಲು ಉಳುಕಿದರೂ ಎಣ್ಣೆ ಹಚ್ಚಿ ತಿಕ್ಕಲು ಅವರೇ ಬೇಕು. ರೋಗಿಯ ಅತ್ತೆಮನೆ ಸುದ್ದಿ ತೆಗೆದು ನಗಿಸಿ, ನಗುವಿನ ನಡುವೆ ಲಟಕ್ಕೆಂದು ಎಳೆಯುವುದು ಅವರ ಕ್ರಮ. ಮೊನ್ನೆ ಅವರ ದಫನಕ್ಕೆ ಬಂದು ಅತ್ತವರಲ್ಲಿ ಹೆಚ್ಚಿನವರು ಹಿಂದೆ ಅವರ ಕೈಯಡಿಯಲ್ಲಿ ಬೊಬ್ಬೆ ಹೊಡೆದವರೇ.

ಎರಡು ವರ್ಷದ ಹಿಂದೆ ಗಿರಿಧರ ತನ್ನ ಮಗಳು ಗಾನಶ್ರೀಯನ್ನು ಕಾರಿನಲ್ಲಿ ಕರೆತಂದ. ಕಬಡ್ಡಿ ಅಭ್ಯಾಸದಲ್ಲಿ ಯಾರದೋ ಮೊಣಕಾಲು ಅವಳ ಎಡಪಕ್ಕೆಗೆ ಬಡಿದಿತ್ತು. ಆದರೆ ಹುಡುಗಿ ನೋವೆಂದದ್ದು ಎಡಭುಜದಲ್ಲಿ.

“ಬೇಗ ತಿಕ್ಕಿ ಕಾಕ. ನಾಳೆ ಮ್ಯಾಚ್ ಉಂಟು.”

“ಅವಳಿಗೋ ನಿನಗೋ ಮಾರಾಯ? ಗಡಿಬಿಡಿ ನಿನ್ನದೇ ಜೋರು.”

ಕಾಕ ಭುಜ ಒತ್ತಿದರು, ಕೈ ತಿರುಗಿಸಿದರು. ನೋವಿಲ್ಲ. ಮಲಗಿಸಿದರೆ ಮಾತ್ರ ಹುಡುಗಿ ಭುಜ ಹಿಡಿದು ನರಳಿದಳು. ತುಟಿ ಬಿಳಿಚಿತ್ತು, ಹಣೆಯಲ್ಲಿ ತಣ್ಣನೆ ಬೆವರು. ಕೆಟ್ಟದ್ದು ಭುಜವಲ್ಲ, ಪೆಟ್ಟು ಬಿದ್ದ ಪಕ್ಕೆಯ ಒಳಗೆ, ಹೊಟ್ಟೆಯಲ್ಲೇ ಏನೋ ಆಗಿದೆ ಎಂದು ಅವರಿಗೆ ಹೊಳೆಯಿತು. ‘ನನ್ನಿಂದಾಗದು’ ಎಂದರೆ ಗಿರಿಧರ ಸೀದಾ ಪಂಜ ಊರಿನ ಇನ್ನೊಬ್ಬ ತಿಕ್ಕುವವನಲ್ಲಿಗೆ ಹೋಗುತ್ತಾನೆ. ಅವನು ಹೊಟ್ಟೆಯನ್ನೂ ತಿಕ್ಕದೆ ಬಿಡುವವನಲ್ಲ.

ಕಾಕ ತುಂಬಿದ ಬಾಟಲಿಯನ್ನು ಕಾಲಿನಿಂದ ಮಂಚದಡಿಗೆ ತಳ್ಳಿದರು.

“ಎಣ್ಣೆ ಮುಗಿದಿದೆ. ಪುತ್ತೂರಲ್ಲಿ ಒಂದು ಕಡೆ ಮಾತ್ರ ಸಿಗುದು. ನಾನೂ ಬರ್ತೇನೆ, ನಡಿ.”

ಕಾಕ ಕಾರು ನಿಲ್ಲಿಸಲು ಹೇಳಿದ್ದು ಆಸ್ಪತ್ರೆಯ ಬಾಗಿಲಲ್ಲಿ.

“ಇಲ್ಲಿ ಎಂತ ಎಣ್ಣೆ ಕಾಕ?”

“ಒಳಗೆ ಕೇಳು. ಹೊಟ್ಟೆಗೆ ಪೆಟ್ಟಾದದ್ದು ಅಂತ ಮೊದಲು ಹೇಳು.”

ಎಡಪಕ್ಕೆಯೊಳಗಿನ ಗುಲ್ಮ, ಅಂದರೆ ಸ್ಪ್ಲೀನ್, ಹರಿದದ್ದು ಸ್ಕ್ಯಾನಿನಲ್ಲಿ ಕಂಡಿತು. ಭುಜದ ನೋವು ಅಲ್ಲಿಂದಲೇ ಬಂದದ್ದು. ರಕ್ತ ನಿಲ್ಲದೆ ಹೊಟ್ಟೆ ತೆರೆಯಬೇಕಾಯಿತು. ಆದರೂ ಸರ್ಜನ್ ಗುಲ್ಮವನ್ನು ತೆಗೆಯಲಿಲ್ಲ. ಹೊಲಿದು, ಬಲೆಯಂಥ ಬಟ್ಟೆಯಲ್ಲಿ ಬಿಗಿದು ಉಳಿಸಿದರು.

“ಸಣ್ಣ ಪ್ರಾಯ. ಅದು ಹೋದರೆ ಮುಂದೆ ಸೋಂಕು ತಡೆಯುವ ಶಕ್ತಿ ಕಡಿಮೆಯಾಗ್ತದೆ. ಯಾರೂ ಹೊಟ್ಟೆ ತಿಕ್ಕದ್ದು ಒಳ್ಳೆದಾಯ್ತು,” ಎಂದರು.

ಗಿರಿಧರ ಕಾಕನ ಮುಖ ನೋಡಿದ. ಕಾಕ ಗೋಡೆಯ ಕ್ಯಾಲೆಂಡರ್ ನೋಡಿದರು.

ಮೂರು ತಿಂಗಳು ಓಟವಿಲ್ಲ, ಕಬಡ್ಡಿಯಿಲ್ಲ. ಹುಡುಗಿ ಕದ್ದು ಅಂಗಳಕ್ಕಿಳಿಯದಂತೆ ಕಾಕ ಶುಕ್ರವಾರದ ನಮಾಜು ಮುಗಿಸಿ ಅವಳ ಮನೆಗೆ ಕೇರಂ ಆಡಲು ಬರತೊಡಗಿದರು. ಸೋಲುವಾಗ ಕೆಂಪು ರಾಣಿಯನ್ನು ಅಂಗೈಯಲ್ಲಿ ಅಡಗಿಸುತ್ತಿದ್ದರು.

“ಕಳ್ಳ ಕಾಕ!”

“ಕಳ್ಳನಾದ್ದರಿಂದಲೇ ನಿನ್ನ ಗುಲ್ಮ ಉಳಿದದ್ದು, ಆಡು.”

ಅವಳು ಕಬಡ್ಡಿಗೆ ಮರಳಿದ ಮೇಲೂ ಶುಕ್ರವಾರದ ಆಟ ನಿಲ್ಲಲಿಲ್ಲ. ಕಾಕ ತೀರಿದ ಮೇಲೆ ಬೋರ್ಡು ತೆಗೆದರೆ ರಾಣಿಯಿಲ್ಲ. ಗಾನಶ್ರೀ ಅವರ ಮನೆಗೆ ಹೋದಳು. ಹೆಂಡತಿ ಆಸಿಯಾ ಗೂಟದಲ್ಲಿದ್ದ ಅಂಗಿಯ ಜೇಬಿಗೆ ಕೈಹಾಕಿ ಅದನ್ನು ಹೊರತೆಗೆದರು.

“ಕೊನೆಯ ಆಟವೂ ಸೋತದ್ದೇ ಅಲ್ವಾ ಮಗಳೇ?”